ಹಿಡಿತ 16 ಕೆಜಿ ಬಂತು, ಅಡಿಕೆ ಮಾತ್ರ ಸುಲಿಯೋಕಾಗ್ತಿಲ್ಲ

ಪ್ರಶ್ನೆ: ಅಕ್ಕಾ, ನಮ್ದು ಶಿರಸಿ ಹತ್ರ ಒಂದು ಹಳ್ಳಿ, ನಂಗೆ 47 ವರ್ಷ. ರುಮಟಾಯ್ಡ್ ಸಂಧಿವಾತ ಅಂತ ಗೊತ್ತಾಗಿ ಎರಡು ವರ್ಷ ಆಯ್ತು, ವಾರಕ್ಕೊಂದ್ಸಲ ಮೆಥೋಟ್ರೆಕ್ಸೇಟ್ ಅನ್ನೋ ಔಷಧ ತಗೋತಿದೇನೆ. ಮಳೆಗಾಲದಲ್ಲಿ ಆಸ್ಪತ್ರೇಲಿ ಒಂದು ಮಷಿನ್ ಹಿಂಡಿಸಿದಾಗ ಬಲಗೈ ಹಿಡಿತ 12 ಕೆಜಿ ಇತ್ತು, ಈಗ 16 ಬಂದಿದೆ, ಸುಧಾರಿಸಿದೆ ಅಂದ್ರು. ಆದ್ರೆ ಮೆಟ್ಟುಗತ್ತಿ ಮುಂದೆ ಕೂತ್ರೆ ಹತ್ತು ಅಡಿಕೆ ಸುಲಿಯೋದ್ರೊಳಗೆ ಹೆಬ್ಬೆರಳ ಬುಡ ಉರಿಯೋಕೆ ಶುರು. ಮನೇಲಿ ಎಲ್ಲ "ರಿಪೋರ್ಟ್ ಚಲೋ ಬಂದಿದ್ಯಲ, ಇನ್ನೇನು" ಅಂತಾರೆ. ಮಷಿನ್ ಸುಳ್ಳಾ, ನಾನು ಸುಳ್ಳಾ?

ಉತ್ತರ: ಇಬ್ರೂ ಸುಳ್ಳಲ್ಲ ತಂಗೀ. ಆ ಮಷಿನ್ ಕೇಳಿದ್ದು ಒಂದೇ ಪ್ರಶ್ನೆ, ಐದೂ ಬೆರಳು ಸೇರಿಸಿ ಒಂದ್ಸಲ ಎಷ್ಟು ಜೋರಾಗಿ ಹಿಂಡ್ತೀಯಾ ಅಂತ. ಅಡಿಕೆ ಸುಲಿಯೋದು ಬೇರೆಯೇ ಕೆಲಸ, ಬೆರಳ ತುದೀಲಿ ಹಿಡಿಬೇಕು, ಮಣಿಕಟ್ಟು ತಿರುಗಿಸ್ಬೇಕು, ಸಿಪ್ಪೆ ಎಳಿಬೇಕು, ಅದನ್ನೇ ನೂರಾರು ಸಲ. ಹೆಬ್ಬೆರಳು ತೋರುಬೆರಳ ಚಿವುಟೋ ಶಕ್ತಿ ಅಳೆಯೋಕೆ ಪಿಂಚ್ ಗೇಜ್ ಅಂತ ಬೇರೆ ಉಪಕರಣವೇ ಇದೆ, ಮುಂದಿನ ಸಲ ಕೇಳಿ ಮಾಡಿಸ್ಕೊ.

ಇನ್ನೊಂದು, ಎರಡು ಸಲವೂ ಎಷ್ಟು ಗಂಟೆಗೆ ಹಿಂಡಿಸಿದ್ರು ನೆನಪಿದ್ಯಾ? ಈ ಕಾಯಿಲೇಲಿ ಬೆಳಿಗ್ಗೆ ಕೈ ಬಿಗಿದಿರ್ತದೆ, ಕೆಲವರಿಗೆ ಒಂದು ತಾಸಿಗೂ ಜಾಸ್ತಿ. ಮೊದಲ್ನೇ ಸಲ ಮೊದಲ ಬಸ್ಸಿಗೆ ಬಂದು ತಂಪುಗೈಯಲ್ಲಿ ಹಿಂಡಿ, ಎರಡನೇ ಸಲ ಊಟ ಆದ್ಮೇಲೆ ನೋವಿನ ಗುಳಿಗೇನೂ ತಗೊಂಡು ಹಿಂಡಿದ್ರೆ ಆ 4 ಕೆಜಿಯಲ್ಲಿ ಗಡಿಯಾರದ ಪಾಲೂ ಇರ್ತದೆ. ಅದಕ್ಕೇ ಕೂತು, ಮೊಣಕೈ 90 ಡಿಗ್ರಿ ಮಡಚಿ, ಮೂರು ಸಲ ಹಿಂಡಿಸಿ ಸರಾಸರಿ ಹಿಡಿಯೋದು, ಅದೂ ಪ್ರತಿ ಸಲ ಅದೇ ಹೊತ್ತಿಗೆ. ಆ ಗಟ್ಟಿ ಹಿಡಿ ಹಿಂಡೋಕೇ ನೋವಾಗ್ತದೆ ಅನ್ನೋರಿಗೆ ಬಿಪಿ ಮಷಿನ್ನಿನ ಪಟ್ಟಿ ಸುರುಳಿ ಸುತ್ತಿ, ಅಳತೆ 20 ತೋರಿಸೋವಷ್ಟು ಗಾಳಿ ತುಂಬಿಸಿ ಹಿಂಡಿಸೋ ಹಳೇ ಪದ್ಧತಿನೂ ಇದೆ, ಮೆತ್ತಗಿರ್ತದೆ.

ಡಾಕ್ಟ್ರು ಕೀಲಿನ ಗಂಟು ಒತ್ತಿ ನೋಡ್ತಾರಲ, ಕಾಯಿಲೆ ಎಷ್ಟು ಜೋರಿದೆ ಅಂತ ಅಳೆಯೋ ಡ್ಯಾಸ್ 28 ಲೆಕ್ಕ ಅಂತಾರೆ, ಆ 28 ಗಂಟಲ್ಲಿ 22 ಬೆರಳು ಮತ್ತೆ ಮಣಿಕಟ್ಟಲ್ಲೇ ಇರೋದು. ಆದ್ರೂ ಅದು ಬಾವು ಎಷ್ಟು ನೋವು ಎಷ್ಟು ಅಂತ ಹೇಳ್ತದೆ ಹೊರತು ಕೈ ಏನ್ಮಾಡ್ತದೆ ಅಂತ ಹೇಳೋದಿಲ್ಲ. ನಾನು ನೋಡಿದ ಒಬ್ರು ಅಜ್ಜಿಗೆ ಬೆರಳೆಲ್ಲ ಕಿರುಬೆರಳ ಕಡೆ ವಾಲಿತ್ತು, ಅಬ್ಬಲಿಗೆ ಮಾಲೆ ಕಟ್ಟೋಕೆ ಕೂತ್ರೆ ಬಾಳೆನಾರು ಹಲ್ಲಲ್ಲಿ ಕಚ್ಚಿ ಹಿಡಿದು ಚಕಚಕ ಕಟ್ತಿದ್ರು. ಬೆರಳು ನೆಟ್ಟಗಿದ್ದೂ ಕುಪ್ಪಸದ ಹುಕ್ ಹಾಕೋಕಾಗದವ್ರನ್ನೂ ನೋಡಿದೇನೆ. ಸೊಲರ್ಮನ್ ಅಂತ ಒಂದು ಪರೀಕ್ಷೆ ಇದೆ, 20 ಕೆಲಸ, 80 ಅಂಕ, ಅದ್ರಲ್ಲಿ ಕೆಲಸ ಆಯ್ತಾ ಅಂತ ಮಾತ್ರ ಅಲ್ಲ, ಹೇಗೆ ಹಿಡಿದು ಮಾಡಿದ್ರು ಅಂತನೂ ನೋಡ್ತಾರೆ. ನಂಗೆ ಅದು ಬಹಳ ಸರಿ ಅನ್ಸ್ತದೆ, ಯಾಕಂದ್ರೆ ಕೊಡಪಾನನ ಎರಡು ಮೊಣಕೈಯಲ್ಲಿ ಅವುಚಿ ಎತ್ತೋ ಹೆಂಗಸು "ಎತ್ತೋಕಾಗ್ತದೆ" ಅಂತಾಳೆ, ಕೈ ಕೆಟ್ಟಿದ್ದು ಆ ಉತ್ತರದಲ್ಲಿ ಮುಚ್ಚಿಹೋಗ್ತದೆ.

ಹಾಗಾಗಿ ಮನೇಲೊಂದು ನೋಟ್‌ಬುಕ್ ಇಡು. 15 ದಿನಕ್ಕೊಂದ್ಸಲ ಸಾಕು, ದಿನಾ ಬೇಡ, ಒಂದಿನ ಇಳಿದ್ರೆ ಮನಸೂ ಇಳಿತದೆ. ಎದ್ದಮೇಲೆ ಬಿಗಿತ ಬಿಡೋಕೆ ಎಷ್ಟು ನಿಮಿಷ, ಆಮೇಲೆ ಸಂಜೆ 4ಕ್ಕೆ 10 ಅಡಿಕೆ ಸುಲಿಯೋಕೆ ಮೊಬೈಲಲ್ಲಿ ಎಷ್ಟು ಹೊತ್ತು, ಹತ್ತು ಅಂಕಕ್ಕೆ ನೋವು ಎಷ್ಟು, ಹೇಗೆ ಹಿಡಿದೆ, ಆವತ್ತು ನೋವಿನ ಗುಳಿಗೆ ನುಂಗಿದ್ಯಾ. ಉರಿ ಶುರುವಾದ್ರೆ ಅಲ್ಲೇ ನಿಲ್ಸಿ ಎಷ್ಟನೇ ಅಡಿಕೆಗೆ ನಿಲ್ಸಿದೆ ಅಂತ ಬರಿ, ಹಲ್ಲು ಕಚ್ಚಿ ಮುಗಿಸ್ಬೇಡ. ಆ ಪುಟ ಡಾಕ್ಟ್ರ ಟೇಬಲ್ ಮೇಲಿಡು, 16 ಕೆಜಿ ಪಕ್ಕದಲ್ಲೇ.

ಕೈಗೆ ವ್ಯಾಯಾಮನೂ ಕೇಳು. 2015ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಪತ್ರಿಕೇಲಿ ಬಂದ ಇಂಗ್ಲೆಂಡಿನ ಸಾರಾ ಅನ್ನೋ ಅಧ್ಯಯನದಲ್ಲಿ 490 ಜನ ರುಮಟಾಯ್ಡ್‌ನವ್ರು ಇದ್ರು, ಔಷಧದ ಜೊತೆ ಕೈ ಹಿಗ್ಗಿಸೋ, ಬಲ ಕೊಡೋ ವ್ಯಾಯಾಮ ಮಾಡಿದವ್ರ ಕೈಕೆಲಸ ವರ್ಷದ ಮೇಲೆ ಉಳಿದವ್ರಿಗಿಂತ ಚಲೋ ಇತ್ತು, ನೋವೇನೂ ಅದ್ರಿಂದ ಜಾಸ್ತಿ ಆಗ್ಲಿಲ್ಲ.

ಪ್ರಶ್ನೆ: ಕಾರವಾರದಿಂದ ಬರೀತಿದೇನೆ. ಅಮ್ಮ ಮೀನು ಮಾರ್ತಾಳೆ, ಅವಳಿಗೂ ಇದೇ ಕಾಯಿಲೆ. ಆಸ್ಪತ್ರೆ ಫಾರ್ಮಲ್ಲಿ ಹಾಲಿನ ಡಬ್ಬ, ಕಾರಿನ ಬಾಗಿಲು ತೆಗಿಯೋಕಾಗ್ತದಾ ಅಂತ ಇತ್ತು, ಅಮ್ಮ ಎಲ್ಲದಕ್ಕೂ ಆಗ್ತದೆ ಅಂದ್ಳು. ಬಂಗುಡೆ ಹೆಚ್ಚೋಕೆ ಆಗ್ದೆ ರಾತ್ರಿ ಅಳ್ತಾಳೆ.

ಉತ್ತರ: ಅದು ದಿನದ ಕೆಲಸ ಎಷ್ಟಾಗ್ತದೆ ಅಂತ ಕೇಳೋ ಎಚ್‌ಎಕ್ಯೂ ಫಾರ್ಮ್ ಇರ್ಬೇಕು, 1980ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡಲ್ಲಿ ಮಾಡಿದ್ದು, ಅಲ್ಲಿಯ ಮನೆ ಕೆಲಸಕ್ಕೆ ಹೊಂದ್ತದೆ. ಭಾರತಕ್ಕೆ ಹೊಂದಿಸಿದ ರೂಪನೂ ಇದೆ, ನೆಲದ ಮೇಲೆ ಕೂರೋದೆಲ್ಲ ಅದ್ರಲ್ಲಿದೆ, ಅದನ್ನ ಕೇಳಿ. ಅದಕ್ಕಿಂತ ಮೊದಲು ಅಮ್ಮನ್ನ ಒಪ್ಸಿ, ಅವ್ಳು ಒಂದು ಬಂಗುಡೆ ಹೆಚ್ಚೋದನ್ನ ಅರ್ಧ ನಿಮಿಷ ಮೊಬೈಲಲ್ಲಿ ವಿಡಿಯೋ ಮಾಡಿ. ಜಾರೋ ಮೀನನ್ನ ಎಡಗೈ ಹೇಗೆ ಅಮುಕಿ ಹಿಡಿತದೆ, ಎಲ್ಲಿ ಬಿಟ್ಟುಹೋಗ್ತದೆ ಅಂತ ಕಾಣ್ಬೇಕು. ಮೂರು ತಿಂಗಳ ಮೇಲೆ ಅದೇ ಕತ್ತಿ, ಅಷ್ಟೇ ದೊಡ್ಡ ಮೀನು, ಅದೇ ಹೊತ್ತಿಗೆ ಇನ್ನೊಂದು ವಿಡಿಯೋ. ಎರಡನ್ನೂ ಡಾಕ್ಟ್ರಿಗೆ ತೋರ್ಸಿ, ರಾತ್ರಿ ಅಳ್ತಾಳೆ ಅನ್ನೋದನ್ನೂ ಬಾಯ್ಬಿಟ್ಟು ಹೇಳಿ.