ದುಡಿಯದೋನಿಗೆ ಊಟ ಯಾಕೆ ಅಂತ ಕೇಳಿದ ತಮ್ಮನಿಗೆ

ತಮ್ಮಾ, ನಿನ್ನ ಮೆಸೇಜ್ ಎರಡು ಸಲ ಓದಿದೆ. ಜರ್ಮನಿಯ ಸ್ಟುಟ್‌ಗಾರ್ಟಿಗೆ ಬಂದು ಎರಡು ತಿಂಗಳು, ಮೊದಲನೇ ಪೂರ್ತಿ ಸಂಬಳದ ಸ್ಲಿಪ್ ಕೈಗೆ ಬಂದಿದೆ, ಅದರಲ್ಲಿ ಹತ್ತಿರ ಹತ್ತಿರ 40 ಪರ್ಸೆಂಟ್ ಮಾಯ, ಅದೇ ಹೊತ್ತಿಗೆ ಎದುರು ಮನೆಯೋನು ಹನ್ನೊಂದು ಗಂಟೆಗೆ ಎದ್ದು ಬಾಲ್ಕನಿಯಲ್ಲಿ ಸಿಗರೇಟ್ ಸೇದ್ತಾ ಕೂತಿರ್ತಾನೆ, ಅವನ ಬಾಡಿಗೆ ಸರ್ಕಾರ ಕಟ್ಟುತ್ತೆ ಅಂತ ಯಾರೋ ಹೇಳಿದ್ರು. "ಅಣ್ಣಾ ಇದು ನ್ಯಾಯನಾ, ದುಡಿಯದೋನಿಗೆ ಊಟ, ಮನೆ ಯಾಕೆ ಕೊಡಬೇಕು, ಮತ್ತೆ ನನ್ನ ಕೆಲಸ ಹೋದ್ರೆ ನನಗೂ ಕೊಡ್ತಾರಾ" ಅಂತ ಕೇಳಿದ್ದೀಯ. ಇವು ಎರಡು ಬೇರೆ ಬೇರೆ ಪ್ರಶ್ನೆ, ಆದ್ರೆ ನನ್ನ ಜೀವನದಲ್ಲಿ ಎರಡೂ ಒಂದೇ ವಾರದಲ್ಲಿ ಬಂದವು, ಅದಕ್ಕೇ ಉತ್ತರ ಉದ್ದ ಆಗುತ್ತೆ, ನೀನು ಅಂತಾನೇ ಕರೀತೀನಿ ಬೇಜಾರು ಮಾಡ್ಕೋಬೇಡ.

ಮೊದಲು ಸ್ಲಿಪ್ ವಿಷಯ ಮುಗಿಸ್ತೀನಿ, ಯಾಕಂದ್ರೆ ನಿನ್ನ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತೆ. ಆ ಕಡಿತದಲ್ಲಿ ಎಲ್ಲಾನೂ ಟ್ಯಾಕ್ಸ್ ಅಲ್ಲ. ಪೆನ್ಶನ್‌ಗೆ 9.3 ಪರ್ಸೆಂಟ್, ಹೆಲ್ತ್ ಇನ್ಶೂರೆನ್ಸ್‌ಗೆ 7.3 ಅದರ ಮೇಲೆ ಇನ್ನೊಂಚೂರು, ವಯಸ್ಸಾದ್ಮೇಲೆ ನೋಡ್ಕೊಳ್ಳೋರ ಖರ್ಚಿಗೆ ಅಂತ ಸ್ವಲ್ಪ, ಕೆಲಸ ಹೋದ್ರೆ ಅನ್ನೋದಕ್ಕೆ 1.3. ಈ ಕೊನೇದು ನಿನ್ನದು 5000 ಯುರೋ ಇದ್ರೆ ತಿಂಗಳಿಗೆ 65 ಯುರೋ ಅಷ್ಟೇ, ಅಷ್ಟನ್ನೇ ಕಂಪನಿನೂ ಹಾಕುತ್ತೆ. ಇದು ನೀನು ಕಟ್ತಿರೋ ವಿಮೆ, ನಾಳೆ ನಿನಗೇ ಬರೋದು. ಎದುರು ಮನೆಯೋನಿಗೆ ಹೋಗೋದು ಈ ಡಬ್ಬಿಯಿಂದ ಅಲ್ಲ, ಅದು ಎಲ್ಲರ ಟ್ಯಾಕ್ಸ್ ದುಡ್ಡಿಂದ. ಅದರ ಹೆಸರು ಬ್ಯುರ್ಗರ್‌ಗೆಲ್ಡ್, 2023 ಜನವರಿಗೆ ಶುರುವಾಗಿದ್ದು, ಅದಕ್ಕೂ ಮುಂಚೆ 2005ರಿಂದ ಹಾರ್ಟ್ಸ್ ಫಿಯರ್ ಅಂತಿದ್ರು, ಮತ್ತೆ ಹೆಸರು ಬದಲಾಯಿಸಿ ನಿಯಮ ಬಿಗಿ ಮಾಡೋ ಮಸೂದೆಯನ್ನ ಸರ್ಕಾರ 2025ರ ಕೊನೇಲಿ ಮುಂದಿಟ್ಟಿತು. ಒಂಟಿ ಮನುಷ್ಯನಿಗೆ 2024ರಿಂದ ತಿಂಗಳಿಗೆ 563 ಯುರೋ, ಬಾಡಿಗೆ ಮತ್ತು ಹೀಟಿಂಗ್ ಒಂದು ಮಿತಿಯೊಳಗೆ ಬೇರೆ, ಹೆಲ್ತ್ ಇನ್ಶೂರೆನ್ಸ್ ಬೇರೆ. ಕರೆಂಟ್ ಬಿಲ್ಲು, ಫೋನು, ಬಟ್ಟೆ, ಚಪ್ಪಲಿ ಎಲ್ಲಾ ಆ 563ರಲ್ಲೇ. ಊಟಕ್ಕೆ ಅಂತ ಲೆಕ್ಕ ಹಾಕಿರೋದು ಸುಮಾರು 195, ಅಂದ್ರೆ ದಿನಕ್ಕೆ ಆರೂವರೆ ಯುರೋ. ನೀನು ಆಫೀಸಲ್ಲಿ ಮಧ್ಯಾಹ್ನ ಒಂದ್ ಹೊತ್ತು ಊಟಕ್ಕೆ ಎಷ್ಟು ಕೊಡ್ತೀಯ ನೋಡ್ಕೋ.

ಈಗ ನನ್ನ ಕತೆ. ನಾನು 2013 ಅಕ್ಟೋಬರ್‌ನಲ್ಲಿ ಬಂದೋನು, ಬ್ಲೂ ಕಾರ್ಡ್ ಮೇಲೆ, ಅಂದ್ರೆ ಡಿಗ್ರಿ ಓದಿದೋರಿಗೆ ಕೊಡೋ ಕೆಲಸದ ವೀಸಾ. ನಮ್ಮ ಪಕ್ಕದ ಫ್ಲಾಟಲ್ಲಿ ಒಬ್ಬ ಇದ್ದ, ಐವತ್ತರ ಆಸುಪಾಸು, ಹಾರ್ಟ್ಸ್ ಫಿಯರ್ ಮೇಲೆ ಬದುಕ್ತಿದ್ದ. ಅವನಿಗೆ ಕಾಯಿಲೆ ಇತ್ತು, ಬೆನ್ನು ಹೋಗಿತ್ತು, ಪಾಪ ಅಂತೆಲ್ಲಾ ನಾನು ಹೇಳ್ತೀನಿ ಅನ್ಕೊಂಡ್ರೆ ಇಲ್ಲ, ಗಟ್ಟಿಮುಟ್ಟಾಗೇ ಇದ್ದ, ಸೋಂಬೇರಿನೇ. ಅವನೇ ಹೇಳ್ತಿದ್ದ, ಗೋಡೌನಲ್ಲಿ ಪೆಟ್ಟಿಗೆ ಎತ್ತಿದ್ದು ಸಾಕು ನನಗೆ ಅಂತ. ಈ ದುಡ್ಡು ಕೊಡೋ ಸರ್ಕಾರಿ ಆಫೀಸು, ಜಾಬ್‌ಸೆಂಟರ್‌ನವರು ಕರೆದಾಗ ಹೋಗಿ ಸಹಿ ಹಾಕಿ ಬರ್ತಿದ್ದ, ಕಳಿಸಿದ ಕೋರ್ಸ್‌ಗೆಲ್ಲ ಹೋಗ್ತಿದ್ದ, ಕೆಲಸ ಮಾತ್ರ ಯಾವತ್ತೂ ಆಗ್ಲಿಲ್ಲ. ನಾನೂ ನನ್ನ ಹೆಂಡ್ತೀನೂ ಮನೇಲಿ ಅವನನ್ನ ಆಡ್ಕೊಂಡು ನಗ್ತಿದ್ವಿ. ಆದ್ರೆ ಒಂದು ವಿಷ್ಯ, ಮೆಟ್ಟಿಲು ಗುಡಿಸೋ ಪಾಳಿ ಇರುತ್ತಲ್ಲ ನಮ್ಮ ಈ ಕಡೆ, ಕೇರ್‌ವೋಖೆ ಅಂತ, ಅದನ್ನ ಅವನು ಒಂದು ವಾರನೂ ತಪ್ಪಿಸ್ತಿರ್ಲಿಲ್ಲ, ನಾನು ಆಫೀಸು ಅಂತ ತಪ್ಪಿಸಿದಾಗ ಬಾಗಿಲು ತಟ್ಟಿ ಬೈದು ಹೋಗ್ತಿದ್ದ. ಕೆಲಸ ಇಲ್ಲದೋನು ಕೆಲಸ ಇರೋನಿಗೆ ಕೆಲಸ ಮಾಡು ಅಂತ ಬೈಯೋದು, ನನಗೆ ಮೈಯೆಲ್ಲಾ ಉರಿತಿತ್ತು.

2016 ಏಪ್ರಿಲ್ ಕೊನೇಲಿ ನಮ್ಮ ಕಂಪನಿ ಒಂದು ಟೀಮನ್ನೇ ಮುಚ್ಚಿತು, ನನಗೆ ಒಂದು ತಿಂಗಳ ನೋಟಿಸ್, ಮೇ 31 ಕೊನೇ ದಿನ. ಆಗಿನ ನಿಯಮದಲ್ಲಿ ಪರ್ಮನೆಂಟ್ ರೆಸಿಡೆನ್ಸಿಗೆ 33 ತಿಂಗಳು ದುಡಿದಿರಬೇಕಿತ್ತು, ಬಿ1 ಅನ್ನೋ ಮಧ್ಯಮ ಮಟ್ಟದ ಜರ್ಮನ್ ಭಾಷಾ ಪರೀಕ್ಷೆ ಪಾಸಾಗಿದ್ರೆ 21 ತಿಂಗಳೇ ಸಾಕಿತ್ತು. ನನ್ನದು ಲೆಕ್ಕ ಹಾಕಿದ್ರೆ 32. ಬಿ1 ನಾನು ಬರೆದೇ ಇರ್ಲಿಲ್ಲ, ಆಫೀಸಲ್ಲಿ ಎಲ್ಲಾ ಇಂಗ್ಲಿಷೇ ಅಲ್ವಾ ಅಂತ ಉದಾಸೀನ. ಒಂದೇ ಒಂದು ತಿಂಗಳಿಗೆ ನನ್ನ ಇಡೀ ಸಂಸಾರ ವೀಸಾ ಅನ್ನೋ ದಾರದಲ್ಲಿ ನೇತಾಡೋ ಹಾಗಾಯ್ತು, ಮಗಳಿಗೆ ಆಗ ಮೂರು ವರ್ಷ.

ಆ ಕಾಗದ ಕೈಲಿ ಹಿಡ್ಕೊಂಡು ಮೆಟ್ಟಿಲ ಹತ್ರ ನಿಂತಿದ್ದೆ, ಆ ಪಕ್ಕದ ಮನೆಯೋನು ಪೊರಕೆ ಹಿಡ್ಕೊಂಡೇ ಬಂದ, ಕಾಗದ ಇಸ್ಕೊಂಡು ಓದಿದ, ಆಮೇಲೆ ಕೇಳಿದ್ದು ಒಂದೇ ಮಾತು, ಆರ್ಬೈಟ್ಸ್‌ಆಗೆಂಟೂರ್‌ನಲ್ಲಿ (ಕೆಲಸ ಹೋದೋರ ವಿಮೆ ನೋಡ್ಕೊಳ್ಳೋ ಸರ್ಕಾರಿ ಆಫೀಸು) ರಿಜಿಸ್ಟರ್ ಮಾಡಿದ್ಯಾ. ನಾನು ಕೆಲಸ ಇನ್ನೂ ಒಂದು ತಿಂಗಳಿದೆ, ಮುಗಿದ ಮೇಲೆ ಹೋಗ್ತೀನಿ ಅಂದೆ. ಹಣೆ ಚಚ್ಕೊಂಡ. ಕೆಲಸ ಹೋಗುತ್ತೆ ಅಂತ ಗೊತ್ತಾದ ಮೂರು ದಿನದ ಒಳಗೆ ಹೇಳ್ಬೇಕು, ಇಲ್ಲಾಂದ್ರೆ ಒಂದು ವಾರದ ದುಡ್ಡು ಕಟ್, ನಾಳೆ ಬೆಳಿಗ್ಗೆನೇ ಹೋಗು, ಇಂಥಿಂಥ ಕಾಗದ ತಗೊಂಡು ಹೋಗು, ಅವರು ಏನಾದ್ರೂ ಕೊಟ್ರೆ ನನಗೆ ತೋರಿಸದೆ ಸಹಿ ಹಾಕ್ಬೇಡ ಅಂದ. (ನೋಟಿಸ್ ಮೂರು ತಿಂಗಳಿಗಿಂತ ಜಾಸ್ತಿ ಇದ್ರೆ ಕೊನೇ ದಿನಕ್ಕೆ ಮೂರು ತಿಂಗಳ ಮುಂಚೆ ಹೇಳಿದ್ರೆ ಸಾಕು. ಮತ್ತೆ ಕೆಲಸ ನೀನಾಗೇ ಬಿಟ್ರೆ 12 ವಾರ ದುಡ್ಡು ಬರಲ್ಲ, ಇದನ್ನ ಬರೆದಿಟ್ಕೋ, ಮ್ಯಾನೇಜರ್ ಮೇಲೆ ಸಿಟ್ಟು ಬಂದು ರಾಜೀನಾಮೆ ಬಿಸಾಕಿ ಬಂದೋರ ಪಾಡು ನೋಡಿದ್ದೀನಿ.) ಯಾರನ್ನ ಎರಡೂವರೆ ವರ್ಷ ಆಡ್ಕೊಂಡು ನಗ್ತಿದ್ನೋ ಅವನೇ ನನ್ನ ಫಾರಂ ತುಂಬಿಸಿಕೊಟ್ಟ.

ನನಗೆ ಬಂದಿದ್ದು ಆರ್ಬೈಟ್ಸ್‌ಲೋಸನ್‌ಗೆಲ್ಡ್, ವಿಮೆಯ ದುಡ್ಡು. ಕೈಗೆ ಬರ್ತಿದ್ದ ಸಂಬಳದ 60 ಪರ್ಸೆಂಟ್, ಮಗು ಇದ್ರೆ 67. ಎರಡು ವರ್ಷ ಕಟ್ಟಿದ್ರೆ ಒಂದು ವರ್ಷದವರೆಗೆ ಸಿಗುತ್ತೆ. ನಿನಗೆ ಈಗಿನ ನಿಯಮ ಹೇಳ್ಬೇಕಂದ್ರೆ ಹಿಂದಿನ 30 ತಿಂಗಳಲ್ಲಿ ಕನಿಷ್ಠ 12 ತಿಂಗಳು ಕಟ್ಟಿರ್ಬೇಕು, ಅಂದ್ರೆ ಎರಡು ತಿಂಗಳಿಗೆ ನಿನಗೆ ಏನೂ ಇಲ್ಲ. ಈ ದುಡ್ಡು ತಗೊಂಡ್ರೆ ವೀಸಾಗೆ ತೊಂದ್ರೆ ಅಂತ ನಮ್ಮವರು ಎಷ್ಟೋ ಜನ ಹೆದರಿ ಬಿಟ್ಟುಬಿಡ್ತಾರೆ, ತೊಂದ್ರೆ ಇಲ್ಲ, ಅದು ನೀನು ಕಟ್ಟಿದ್ದು. ತೊಂದ್ರೆ ಇರೋದು ಬ್ಯುರ್ಗರ್‌ಗೆಲ್ಡ್‌ಗೆ. ನಮ್ಮಂಥ ಪರ್ಮಿಟ್‌ನೋರಿಗೆ ಕಾನೂನು ಕೇಳೋ ಮೊದಲ ಪ್ರಶ್ನೆನೇ ನಿನ್ನ ಹೊಟ್ಟೆ ನೀನೇ ಹೊರ್ಕೊಳ್ತೀಯಾ ಅಂತ. ವೀಸಾ ರಿನ್ಯೂ, ಪರ್ಮನೆಂಟ್, ಐದು ವರ್ಷಕ್ಕೆ ಪಾಸ್‌ಪೋರ್ಟ್, ಎಲ್ಲದಕ್ಕೂ ಅದೇ ಪ್ರಶ್ನೆ. ಬ್ಲೂ ಕಾರ್ಡ್ ಸಿಕ್ಕಿ ಎರಡು ವರ್ಷ ಆಗಿಲ್ಲ ಅಂದ್ರೆ ಹೊಸ ಕೆಲಸ ಹುಡುಕೋಕೆ ಮೂರು ತಿಂಗಳು, ಎರಡು ವರ್ಷ ದಾಟಿದ್ರೆ ಆರು.

ಅಂದ್ರೆ ಏನಾಯ್ತು ನೋಡು. ಇಲ್ಲಿನ ಸಂವಿಧಾನ 1949ದ್ದು, ಮೊದಲನೇ ಕಲಮೇ ಮನುಷ್ಯನ ಘನತೆ ಬಗ್ಗೆ. ಅದನ್ನ ಇಟ್ಕೊಂಡು ಇಲ್ಲಿನ ಸಾಂವಿಧಾನಿಕ ಕೋರ್ಟು 2010ರಲ್ಲಿ ಹೇಳ್ತು, ಬದುಕೋಕೆ ಬೇಕಾದ ಕನಿಷ್ಠ ಇದೆಯಲ್ಲ ಅದು ಭಿಕ್ಷೆ ಅಲ್ಲ, ಹಕ್ಕು. 2019 ನವೆಂಬರ್‌ನಲ್ಲಿ ಇನ್ನೊಂದು ತೀರ್ಪು, ಕೊಟ್ಟ ಕೆಲಸ ಬೇಡ ಅಂದೋನಿಗೂ 30 ಪರ್ಸೆಂಟ್‌ಗಿಂತ ಜಾಸ್ತಿ ಕಡಿತ ಮಾಡೋ ಆಗಿನ ಪದ್ಧತಿ ಸಂವಿಧಾನಕ್ಕೆ ವಿರುದ್ಧ ಅಂತ. ಮನುಷ್ಯ ಅಂತ ನೋಡಿದ್ರೆ ದುಡಿದ್ರೇನೇ ಊಟ ಅನ್ನೋ ಮಾತಿಗೆ ಈ ದೇಶ ಇಲ್ಲ ಅಂತ ಹೇಳಿದೆ. ಹೊರಗಿಂದ ಬಂದೋನು ಅಂತ ನೋಡಿದ್ರೆ ಹೌದು ಅಂತಾನೇ ಹೇಳುತ್ತೆ. ನಿನ್ನ ಸಿಟ್ಟಿನ ಬುಡ ಇರೋದು ಇಲ್ಲಿ ಅಂತ ನನ್ನ ಅನುಮಾನ, ಎದುರು ಮನೆಯೋನಿಗೆ ಸಿಕ್ಕಿದ್ದು ಜಾಸ್ತಿ ಆಯ್ತು ಅಂತಲ್ಲ, ಅವನಿಗಿರೋ ನಿಶ್ಚಿಂತೆ ನಿನಗಿಲ್ಲ ಅಂತ.

ನಾನಂತೂ ಆ ಬೇಸಿಗೇಲಿ ಬದಲಾದೆ. ಎರಡನೇ ತಿಂಗಳಿಗೆ ಒಂದು ಆಫರ್ ಬಂತು, ಸಂಬಳ ಬ್ಲೂ ಕಾರ್ಡಿನ ಮಿತಿಗೆ ಕೂದಲೆಳೆಯಷ್ಟು ಮೇಲೆ, ಇಂಟರ್‌ವ್ಯೂ ಮಾಡಿದೋನಿಗೆ ನನ್ನ ವೀಸಾ ಗಡಿಯಾರ ಓಡ್ತಿದೆ ಅಂತ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಆ ರೇಟು. ಅಕೌಂಟಿಗೆ ಆ 67 ಪರ್ಸೆಂಟ್ ಬರ್ತಿರ್ಲಿಲ್ಲ ಅಂದಿದ್ರೆ ಕಣ್ಮುಚ್ಚಿ ಸಹಿ ಹಾಕ್ತಿದ್ದೆ. ಬೇಡ ಅಂದೆ. ವಿದೇಶಿಯರ ಆಫೀಸಲ್ಲಿ ನನ್ನ ಫೈಲ್ ನೋಡ್ತಿದ್ದವರು ಆರು ತಿಂಗಳು ಟೈಮ್ ಕೊಟ್ರು, ಅಕ್ಟೋಬರ್‌ನಲ್ಲಿ ಸರಿಯಾದ ಕೆಲಸ ಸಿಕ್ತು, ಇವತ್ತಿಗೂ ಅಲ್ಲೇ ಇದ್ದೀನಿ. ಹಸಿವಿನ ಹೆದರಿಕೆ ಇದ್ರೆ ಜನ ಚೆನ್ನಾಗಿ ದುಡೀತಾರೆ ಅಂತಾರಲ್ಲ, ನನ್ನ ಅನುಭವದಲ್ಲಿ ಹೆದರಿಕೆ ಇದ್ದೋನು ಅಗ್ಗಕ್ಕೆ ದುಡೀತಾನೆ ಅಷ್ಟೇ, ಚೆನ್ನಾಗಿ ಅಲ್ಲ.

ಊರಿಗೆ ಫೋನ್ ಮಾಡಿದಾಗ ಅಪ್ಪ, ಕೂತು ತಿಂದ ಅನ್ನ ಅರಗಲ್ಲ ಕಣೋ, ಕಾಯಕವೇ ಕೈಲಾಸ ಅಂತ ಒಂದು ಪಾಠ ಮಾಡಿದ್ರು. ಅಪ್ಪ ಅಂತ ಎದುರು ಮಾತಾಡ್ಲಿಲ್ಲ, ಆದ್ರೆ ಕಾಯಕ ಅಂದ ಬಾಯಲ್ಲೇ ದಾಸೋಹನೂ ಹೇಳಿದ್ರಲ್ವಾ ಶರಣರು, ನಾವು ಮೊದಲರ್ಧ ಮಾತ್ರ ಬಾಯಿಪಾಠ ಮಾಡ್ಕೊಂಡಿದ್ದೀವಿ. ಇಲ್ಲೂ ಅದೇ ಕತೆ. 2006ರಲ್ಲಿ ಇಲ್ಲಿನ ಕಾರ್ಮಿಕ ಮಂತ್ರಿ ಫ್ರಾನ್ಸ್ ಮ್ಯುಂಟೆಫೆರಿಂಗ್, ಅದೂ ಕಾರ್ಮಿಕರ ಪಕ್ಷದೋರು, ದುಡಿದೋನೇ ಉಣ್ಣಲಿ ಅಂತ ಹೇಳಿ ದೊಡ್ಡ ಗಲಾಟೆ ಆಗಿತ್ತು. ಆ ಮಾತು ಬೈಬಲ್‌ನಲ್ಲಿ ಪೌಲನ ಪತ್ರದ್ದು, ಮಜಾ ಏನಂದ್ರೆ ದೇವರನ್ನೇ ನಂಬದ ಸೋವಿಯತ್ ರಷ್ಯಾದ 1936ರ ಸಂವಿಧಾನದಲ್ಲೂ ಹೆಚ್ಚೂಕಮ್ಮಿ ಅದೇ ಮಾತಿದೆ. ಆದ್ರೆ ಪೌಲ ಹೇಳಿದ್ದು ದುಡಿಯೋಕೆ ಮನಸ್ಸಿಲ್ಲದೋನು ಅಂತ, ದುಡಿಯದೋನು ಅಂತಲ್ಲ. ಮನಸ್ಸಿಲ್ವೋ ಕೈಲಾಗಲ್ವೋ ಅನ್ನೋದನ್ನ ಯಾರು ತೂಗಿ ನೋಡ್ಬೇಕು? ಜಾಬ್‌ಸೆಂಟರ್ ಕೌಂಟರಲ್ಲಿ ಕೂತ ಒಬ್ಬ ಗುಮಾಸ್ತ, 20 ನಿಮಿಷದಲ್ಲಿ. 2024ರಲ್ಲಿ ಬ್ಯುರ್ಗರ್‌ಗೆಲ್ಡ್ ತಗೊಳ್ತಿದ್ದೋರು ಒಟ್ಟು 55 ಲಕ್ಷದ ಆಸುಪಾಸು, ಅದರಲ್ಲಿ ಹತ್ತಿರ ಹತ್ತಿರ 15 ಲಕ್ಷ ದುಡಿಯೋ ಲೆಕ್ಕಕ್ಕೇ ಬರದೋರು, ಬಹುಪಾಲು ಮಕ್ಕಳು, ಇನ್ನು ಸುಮಾರು 8 ಲಕ್ಷ ಜನ ಕೆಲಸ ಮಾಡ್ತಾನೇ ಇದ್ರು, ಸಂಬಳ ಸಾಲದೆ ಮೇಲೆ ಇದನ್ನ ತಗೊಳ್ತಿದ್ರು. ಕೆಲಸ ಬೇಡ ಅಂದಿದ್ದಕ್ಕೆ 2023ರಲ್ಲಿ ಕಡಿತ ಆಗಿದ್ದು 16 ಸಾವಿರದ ಹತ್ತಿರ. ನನ್ನ ಪಕ್ಕದ ಮನೆಯೋನಂಥ ಜಾಣರು ಆ ಲೆಕ್ಕಕ್ಕೂ ಸಿಗಲ್ಲ ಅನ್ನು, ಆದ್ರೂ ಎಷ್ಟಿದ್ದಾರು?

ಎಲ್ಲರಿಗೂ ಸುಮ್ನೆ ದುಡ್ಡು ಕೊಟ್ರೆ ಯಾರೂ ಕೆಲಸಕ್ಕೆ ಹೋಗಲ್ಲ ಅಂತಾನೂ ಕೇಳಿದ್ದೀಯ. ಬರ್ಲಿನ್‌ನ ಒಂದು ಸಂಸ್ಥೆ 2021ರಿಂದ ಮೂರು ವರ್ಷ 122 ಜನಕ್ಕೆ ತಿಂಗಳಿಗೆ 1200 ಯುರೋ ಶರತ್ತಿಲ್ಲದೆ ಕೊಟ್ಟು ನೋಡ್ತು, ಅವರು ವಾರಕ್ಕೆ ಮುಂಚಿನ ಹಾಗೇ 40 ಗಂಟೆಯಷ್ಟು ದುಡೀತಿದ್ರು. ಫಿನ್‌ಲೆಂಡ್ 2017-18ರಲ್ಲಿ ಕೆಲಸ ಇಲ್ಲದ 2000 ಜನಕ್ಕೆ 560 ಯುರೋ ಕೊಟ್ಟಾಗ ಕೆಲಸಕ್ಕೆ ಹೋಗೋದು ಕಮ್ಮಿ ಆಗ್ಲಿಲ್ಲ, ಒಂಚೂರು ಜಾಸ್ತಿನೇ ಆಯ್ತು, ಮನಸ್ಸು ನಿರಾಳ ಆಯ್ತು. ಹಾಗಂತ ಇದೇ ಕೊನೇ ಮಾತು ಅಂತ ನಾನು ಕುಣಿಯಲ್ಲ, ಮೂರು ವರ್ಷಕ್ಕೆ ನಿಲ್ಲುತ್ತೆ ಅಂತ ಗೊತ್ತಿರೋ ದುಡ್ಡು ನಂಬಿ ಯಾರು ಕೆಲಸ ಬಿಡ್ತಾರೆ. ಪಕ್ಕದ ಸ್ವಿಟ್ಜರ್ಲೆಂಡಲ್ಲಿ 2016ರಲ್ಲಿ ಎಲ್ಲರಿಗೂ ದುಡ್ಡು ಕೊಡೋದನ್ನ ಓಟಿಗೆ ಹಾಕಿದಾಗ ನೂರಕ್ಕೆ 77 ಜನ ಬೇಡ ಅಂದ್ರು. ಆ ಬೇಡ ನನಗೆ ಅರ್ಥ ಆಗುತ್ತೆ. ಆಸ್ಪತ್ರೆ ನೆಲ ಒರೆಸೋಳು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹೋಗ್ತಾಳೆ, ಅವಳಿಗೂ ಮಲಗಿದೋನಿಗೂ ತಿಂಗಳ ಕೊನೇಲಿ ಕೆಲವೇ ನೂರು ಯುರೋ ವ್ಯತ್ಯಾಸ ಅಂದ್ರೆ ಹೊಟ್ಟೆ ಉರಿಯಲ್ವಾ. ಆದ್ರೆ ಅದಕ್ಕೆ ಮಲಗಿದೋನ ತಟ್ಟೆಯಿಂದ ಕಿತ್ಕೊಂಡ್ರೆ ಇವಳ ತಟ್ಟೆಗೆ ಏನು ಬಂತು? ಇಲ್ಲಿ ಕನಿಷ್ಠ ಕೂಲಿ ಅಂತ ಕಾನೂನು ಬಂದಿದ್ದೇ 2015ರಲ್ಲಿ, ಗಂಟೆಗೆ 8.50, 2026ಕ್ಕೆ 13.90. ಹೊಟ್ಟೆಗಿಲ್ಲದೋರು ಮಾತ್ರ ಒಪ್ಪೋ ಕೆಲಸ ಒಂದಿದ್ರೆ ಕೆಟ್ಟಿರೋದು ಆ ಕೆಲಸದ ಕೂಲಿ, ಜನ ಅಲ್ಲ.

ಸೂರು, ಊಟ, ಔಷಧಿ, ಇಷ್ಟನ್ನ ಕೆಲಸಕ್ಕೆ ಗಂಟು ಹಾಕಬಾರದು ಅನ್ನೋದು ನನ್ನ ಪಕ್ಷ, ಸೋಂಬೇರಿಗೂ ಸೇರಿಸಿ. ನೀನು ಒಪ್ಪಬೇಕು ಅಂತೇನಿಲ್ಲ.

ಆದ್ರೆ ನಿನ್ನ ಬದುಕನ್ನ ನನ್ನ ಅಭಿಪ್ರಾಯದ ಮೇಲೆ ಕಟ್ಕೋಬೇಡ, ಕಾನೂನಿನ ಮೇಲೆ ಕಟ್ಕೋ. ಮೊದಲ ಒಂದು ವರ್ಷ ನಿನ್ನ ಕೆಳಗೆ ಯಾವ ಬಲೆನೂ ಇಲ್ಲ, ಅದಕ್ಕೆ ಆರು ತಿಂಗಳ ಖರ್ಚಿನಷ್ಟು ಬೇರೆ ತೆಗೆದಿಡು, ಕಾರು ಆಮೇಲೆ ತಗೊಂಡ್ರಾಯ್ತು. ಬಿ1 ಕ್ಲಾಸಿಗೆ ಈ ತಿಂಗಳೇ ಸೇರ್ಕೋ, ಈಗ ಬ್ಲೂ ಕಾರ್ಡಿನೋರಿಗೆ ಪರ್ಮನೆಂಟ್ 27 ತಿಂಗಳಿಗೆ, ಬಿ1 ಇದ್ರೆ 21ಕ್ಕೇ. ಆ ಆರು ತಿಂಗಳ ಬೆಲೆ ನನ್ನನ್ನ ಕೇಳು. ಸಂಬಳದ ಸ್ಲಿಪ್ ಒಂದೂ ಬಿಸಾಕ್ಬೇಡ. ಹುಷಾರಿಲ್ಲ ಅಂದ್ರೆ ಆರು ವಾರ ಪೂರ್ತಿ ಸಂಬಳ ಬರುತ್ತೆ, ಜ್ವರ ಇಟ್ಕೊಂಡು ಆಫೀಸಿಗೆ ಹೋಗಿ ಶೂರ ಅನ್ನಿಸ್ಕೊಳ್ಳೋ ನಮ್ಮ ಚಾಳಿ ಇಲ್ಲಿ ಯಾರಿಗೂ ಹಿಡಿಸಲ್ಲ.

ಎದುರು ಮನೆಯೋನನ್ನ ಒಂದ್ಸಲ ಮಾತಾಡ್ಸು, ಜರ್ಮನ್ ಪ್ರಾಕ್ಟೀಸ್ ಆದ್ರೂ ಆಗುತ್ತೆ, ಅವನಿಗೆ ಟೈಮ್ ಇದೆ. ಅಂದ ಹಾಗೆ ನಿನ್ನ ಬಾಗಿಲಿಗೆ ಯಾರೋ ಒಂದು ಸಣ್ಣ ಬೋರ್ಡ್ ತಗಲಿಸಿ ಹೋಗಿದ್ದಾರೆ, ಏನು ಅಂತ ಗೊತ್ತಾಗ್ಲಿಲ್ಲ, ತೆಗೆದು ಡ್ರಾದಲ್ಲಿ ಇಟ್ಟೆ ಅಂತ ಬರೆದಿದ್ದೀಯಲ್ಲ, ಅದು ಕೇರ್‌ವೋಖೆ ಬೋರ್ಡು ಮಾರಾಯ. ಈ ವಾರ ಮೆಟ್ಟಿಲು ಗುಡಿಸೋದು ನಿನ್ನ ಪಾಳಿ, ಶನಿವಾರದ ಒಳಗೆ ಮುಗಿಸಿ ಪಕ್ಕದ ಬಾಗಿಲಿಗೆ ತಗಲಿಸು.