ಉಗುರಿಗೆ ಅಂಟಿದ ಕೆಂಪು ಬಣ್ಣ

ಓದುಗರ ಪತ್ರ: ನನಗೆ 42 ವರ್ಷ. ಪುಟ್ಟ ಸೈನಿಕರಿಗೆ ಬಣ್ಣ ಹಚ್ಚಿ, ಮೇಜಿನ ಮೇಲೆ ನೆಪೋಲಿಯನ್ ಕಾಲದ ಯುದ್ಧಗಳನ್ನು ಆಡುತ್ತೇನೆ. ನೋಡಿದವರು ನಗುತ್ತಾರೆ. ಮೊನ್ನೆ ಒಬ್ಬ ದೊಡ್ಡ ನಟನ ಸಂದರ್ಶನ ನೋಡಿದೆ. ಹಿಂದಿನ ಕಪಾಟಿನ ತುಂಬ ಸೇನಾ ಇತಿಹಾಸದ ಪುಸ್ತಕಗಳು. ಯುದ್ಧದ ಸಿನಿಮಾಗಳನ್ನೂ ಮಾಡಿದ್ದಾನೆ. ಖಂಡಿತ ನಮ್ಮವನೇ, ಮುಚ್ಚಿಟ್ಟಿದ್ದಾನೆ. ಇಂಥವರ ಪಟ್ಟಿಯೊಂದನ್ನು ನೀವು ಯಾಕೆ ಪ್ರಕಟಿಸಬಾರದು? ಆಗಲಾದರೂ ಜನ ನಗುವುದು ನಿಲ್ಲಿಸುತ್ತಾರೆ. (ನನ್ನ ಹೆಸರು ಹಾಕಬೇಡಿ.)

ಸಂಪಾದಕರ ಉತ್ತರ: ಪಟ್ಟಿ ಮಾಡುವುದು ಖುಷಿಯ ಕೆಲಸ, ಒಪ್ಪಿದೆ. ನಾನೂ ಮಾಡಿದ್ದೇನೆ. ಆದರೆ ಗೆಳೆಯರೇ, ಕಪಾಟು ನೋಡಿ ಮನುಷ್ಯನನ್ನು ಹಿಡಿಯಲು ಹೋಗಬೇಡಿ. ಆ ಪುಸ್ತಕಗಳು ಅವರ ಹೆಂಡತಿಯದ್ದಿರಬಹುದು, ಅಪ್ಪನದ್ದಿರಬಹುದು. ಯುದ್ಧದ ಸಿನಿಮಾ ಮಾಡಿದ್ದು ಹೊಟ್ಟೆಪಾಡು. ಮುಚ್ಚಿಟ್ಟವರ ಬೆನ್ನು ಯಾಕೆ ಹತ್ತಬೇಕು? ಬಾಯಿಬಿಟ್ಟು ಹೇಳಿದವರೇ ಬೇಕಾದಷ್ಟಿದ್ದಾರಲ್ಲ. ಅವರನ್ನು ನಾವು ಸರಿಯಾಗಿ ನೆನೆಸಿಕೊಂಡಿಲ್ಲ ಅನ್ನುವುದೇ ನನ್ನ ಸಂಕಟ.

ಬ್ರಿಟಿಷ್ ನಟ ಪೀಟರ್ ಕುಶಿಂಗ್ ಅವರನ್ನೇ ತಗೊಳ್ಳಿ. ಡ್ರಾಕುಲಾ ಸಿನಿಮಾದಲ್ಲಿ ರಕ್ತಪಿಶಾಚಿಯ ಬೆನ್ನುಬಿದ್ದ ವ್ಯಾನ್ ಹೆಲ್ಸಿಂಗ್, 1977ರ ಸ್ಟಾರ್ ವಾರ್ಸ್‌ನಲ್ಲಿ ಎಲುಬು ಮುಖದ ಆ ಟಾರ್ಕಿನ್. 1956ರಲ್ಲಿ ಪಾಥೆ ಸುದ್ದಿಚಿತ್ರದವರು ಇವರ ಸೈನಿಕರ ಸಂಗ್ರಹವನ್ನು ಚಿತ್ರೀಕರಿಸಿದರು. ಅದರಲ್ಲಿ ಕುಶಿಂಗ್ ಪುಟ್ಟ ಸೈನಿಕರನ್ನು ಹರಡಿಕೊಂಡು, ಇಂಗ್ಲಿಷ್ ಕಾದಂಬರಿಕಾರ ಎಚ್. ಜಿ. ವೆಲ್ಸ್ ಬರೆದ ನಿಯಮದ ಪ್ರಕಾರ ಆಡುತ್ತಿದ್ದಾರೆ. ಆಗಲೇ ಬ್ರಿಟನ್ನಿನಲ್ಲಿ ಟಿವಿ ನೋಡುವವರಿಗೆಲ್ಲ ಗೊತ್ತಿದ್ದ ಮುಖ ಅದು. ನಾಚಿಕೆಯಿಲ್ಲ, ಸಮಜಾಯಿಷಿಯಿಲ್ಲ. ಜೊತೆಗೆ ಕೆಲಸ ಮಾಡಿದವರೆಲ್ಲ ಇಂಥ ಮೃದು ಮನುಷ್ಯ ಇನ್ನೊಬ್ಬನಿಲ್ಲ ಅನ್ನುತ್ತಿದ್ದರು. ಯುದ್ಧದಾಟ ಆಡುವವನಿಗೆ ರಕ್ತದಾಸೆ ಅನ್ನುವವರಿಗೆ ನಾನು ಮೊದಲು ಹೇಳುವುದು ಇವರ ಹೆಸರನ್ನೇ.

ಎರಡನೆಯದು ವೆಲ್ಸ್ ಹೆಸರು. ಈ ಆಟದ ಪುಸ್ತಕ ಬಂದದ್ದು 1913ರಲ್ಲಿ. ಆಟಿಕೆ ಫಿರಂಗಿಗೆ ಮರದ ತುಂಡು ತುರುಕಿ, ಗುರಿಯಿಟ್ಟು ಸೈನಿಕರನ್ನು ಉರುಳಿಸುವ ಆಟ. ಬರೆದವನು ಶಾಂತಿಯ ಪರ ನಿಂತ ಮನುಷ್ಯ. ಈ ಆಟವನ್ನು ಮೂರು ನಾಲ್ಕು ಸಲ ಆಡಿ ನೋಡಿ, ನಿಜವಾದ ಯುದ್ಧ ಎಷ್ಟು ಎಡವಟ್ಟಿನ ವ್ಯವಹಾರ ಅಂತ ನಿಮಗೇ ತಿಳಿಯುತ್ತದೆ ಅಂತ ಪುಸ್ತಕದಲ್ಲೇ ಬರೆದರು. ಮುಂದಿನ ವರ್ಷವೇ ಮಹಾಯುದ್ಧ ಶುರುವಾಯಿತು. ಆ ಸಾಲು ಓದುವಾಗ ಈಗಲೂ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಗುತ್ತದೆ.

ಇನ್ನೂ ಹಿಂದೆ ಹೋದರೆ ‘ಟ್ರೆಷರ್ ಐಲ್ಯಾಂಡ್’ ಬರೆದ ಆರ್. ಎಲ್. ಸ್ಟೀವನ್ಸನ್. ಕ್ಷಯದ ಕಾಟಕ್ಕೆ ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿದ್ದಾಗ, ಮಲಮಗನ ಜೊತೆ ಸೀಸದ ಸೈನಿಕರನ್ನಿಟ್ಟು ಆಡುತ್ತಿದ್ದರು. ಅದಕ್ಕೂ ಮುಂಚೆ, 1826ರಲ್ಲಿ, ಒಬ್ಬ ಪಾದ್ರಿ ಮಗನಿಗೆಂದು 12 ಮರದ ಸೈನಿಕರನ್ನು ತಂದರು. ಅಕ್ಕ ಓಡಿಬಂದು ಒಂದನ್ನು ಎತ್ತಿಕೊಂಡು ಅದಕ್ಕೆ ನೆಪೋಲಿಯನ್ನನನ್ನು ಸೋಲಿಸಿದ ಸೇನಾಪತಿ ವೆಲಿಂಗ್ಟನ್ ಹೆಸರಿಟ್ಟಳು. ತಮ್ಮ ತನ್ನದಕ್ಕೆ ಬೊನಪಾರ್ಟೆ, ಅಂದರೆ ನೆಪೋಲಿಯನ್, ಅಂದ. ಆ ಅಕ್ಕ ಮುಂದೆ ‘ಜೇನ್ ಐರ್’ ಕಾದಂಬರಿ ಬರೆದ ಷಾರ್ಲೆಟ್ ಬ್ರಾಂಟೆ. ಆ ಮನೆಯ ಮಕ್ಕಳು ಬರೆಯಲು ಕಲಿತದ್ದೇ ಈ ಸೈನಿಕರ ಕಥೆಗಳಿಂದ. ಇದು ಗಂಡಸರ ಹುಚ್ಚು ಅಂತ ಯಾರಾದರೂ ಅಂದರೆ ಈ ಹುಡುಗಿಯ ವಿಷಯ ಹೇಳಿ.

ಈಗಿನವರಲ್ಲಿ ಹಾಡುಗಾರ ಫಿಲ್ ಕಾಲಿನ್ಸ್ ಇದ್ದಾರೆ. ಚಿಕ್ಕಂದಿನಲ್ಲಿ ಟಿವಿಯಲ್ಲಿ ಡೇವಿ ಕ್ರಾಕೆಟ್‌ನ ಕಥೆ ನೋಡಿ, ಅವನು ಹೋರಾಡಿ ಸತ್ತ ಟೆಕ್ಸಸ್‌ನ ಅಲಾಮೊ ಕೋಟೆಯ ಗುಂಗು ಹಿಡಿಯಿತು. ವರ್ಷಗಟ್ಟಲೆ ಕೂಡಿಟ್ಟ, ಆ ಕಾಳಗಕ್ಕೆ ಸೇರಿದ ಇನ್ನೂರಕ್ಕೂ ಜಾಸ್ತಿ ವಸ್ತುಗಳನ್ನು 2014ರಲ್ಲಿ ಟೆಕ್ಸಸ್‌ಗೆ ದಾನ ಕೊಟ್ಟರು. ಸೂಪರ್‌ಮ್ಯಾನ್ ಪಾತ್ರದ ನಟ ಹೆನ್ರಿ ಕ್ಯಾವಿಲ್ ತಾನು ಬಣ್ಣ ಹಚ್ಚುತ್ತಿದ್ದ, ವಾರ್‌ಹ್ಯಾಮರ್ ಎಂಬ ಕಾಲ್ಪನಿಕ ಯುದ್ಧದಾಟದ ಸೈನಿಕನ ಫೋಟೊವನ್ನು ತಾನೇ ಜಗತ್ತಿಗೆ ತೋರಿಸಿದರು. ಬ್ರಿಟಿಷ್ ನಟ ಎಡ್ವರ್ಡ್ ವುಡ್‌ವರ್ಡ್ ಕತೆ ನಿಮಗೆ ಇಷ್ಟವಾಗುತ್ತದೆ. ಟಿವಿಯಲ್ಲಿ ಅವರು ಮಾಡಿದ ಗೂಢಚಾರ ಕ್ಯಾಲನ್‌ಗೆ ಪುಟ್ಟ ಸೈನಿಕರ ಹುಚ್ಚು. ನಟನಿಗೂ ಅದೇ ಹುಚ್ಚು! 1978ರಲ್ಲಿ ಈ ಆಟದ ಬಗ್ಗೆಯೇ ಒಂದು ಟಿವಿ ಸರಣಿ ನಡೆಸಿಕೊಟ್ಟರು. ‘ಲಾರ್ಡ್ ಆಫ್ ದಿ ರಿಂಗ್ಸ್’ ನಿರ್ದೇಶಕ ಪೀಟರ್ ಜಾಕ್ಸನ್ ನ್ಯೂಜಿಲೆಂಡಿನಲ್ಲಿ, ಮೊದಲ ಮಹಾಯುದ್ಧದಲ್ಲಿ ಟರ್ಕಿಯ ಗಲಿಪೊಲಿಯಲ್ಲಿ ನಡೆದ ಚುನುಕ್ ಬೈರ್ ಕಾಳಗದ ಮಾದರಿ ಮಾಡಿಸಿದಾಗ ಸಾವಿರಾರು ಸೈನಿಕರಿಗೆ ಬಣ್ಣ ಬಳಿಯಲು ಕೈಜೋಡಿಸಿದವರು ನಿಮ್ಮಂಥವರೇ, ಬಿಡುವಿನಲ್ಲಿ ಮೇಜಿನ ಮೇಲೆ ಯುದ್ಧ ಆಡುವವರು.

ಹೀಗಿರುವಾಗ ಕಪಾಟಿನ ಸಾಕ್ಷಿ ಯಾಕೆ ಬೇಕು, ಹೇಳಿ.

ಮುಚ್ಚಿಟ್ಟವರು ಇಲ್ಲವೆಂದಲ್ಲ. ಒಬ್ಬರನ್ನು ನಾನೇ ನೋಡಿದ್ದೇನೆ. ಎಷ್ಟೋ ವರ್ಷದ ಹಿಂದಿನ ಮಾತು. ಹೆಸರಾಂತ ನಟರೊಬ್ಬರ ಸಂದರ್ಶನಕ್ಕೆ ಹೋಗಿದ್ದೆ. ಅವರ ಹೆಬ್ಬೆರಳ ಉಗುರಿನ ಸಂದಿಯಲ್ಲಿ ಕೆಂಪು ಬಣ್ಣ. ನಾನು ನೋಡಿದ್ದು ಕಂಡು ಕೈ ಹಿಂದಕ್ಕೆ ಎಳೆದುಕೊಂಡರು. ನಾನು ಸುಮ್ನೆ, ‘ನಾನೂ ಹಚ್ಚುತ್ತೇನೆ ಸಾರ್’ ಅಂದೆ. ಒಂದು ನಿಮಿಷ ಮಾತಿಲ್ಲ. ಆಮೇಲೆ ಎದ್ದು ಬಾಗಿಲು ಹಾಕಿ, ಮೇಜಿನ ಡ್ರಾಯರ್ ಎಳೆದರು. ಒಳಗೆ ಹತ್ತಿ ಹಾಸಿ ಮಲಗಿಸಿದ ಕೆಂಪಂಗಿಯ ಸೈನಿಕರು. ನೆಪೋಲಿಯನ್ ಸೋತ ವಾಟರ್‌ಲೂ ಯುದ್ಧದಲ್ಲಿ, ಕುದುರೆ ಸೇನೆಯನ್ನು ತಡೆಯಲು ಚೌಕಾಕಾರದ ಸಾಲು ಕಟ್ಟಿ ನಿಂತ ಬ್ರಿಟಿಷ್ ಸೇನೆಯ 27ನೇ ರೆಜಿಮೆಂಟ್. 1815ರ ಜೂನ್ 18ರ ಆ ಒಂದು ಮಧ್ಯಾಹ್ನ, ನಿಂತಲ್ಲೇ ಅರ್ಧಕ್ಕಿಂತ ಜಾಸ್ತಿ ಜನ ಸತ್ತೋ ಗಾಯಗೊಂಡೋ ಬಿದ್ದರು. ಚೌಕ ಮಾತ್ರ ಒಡೆಯಲಿಲ್ಲ.

ನಟರು ಒಬ್ಬನನ್ನು ಎತ್ತಿ ಬೆಳಕಿಗೆ ಹಿಡಿದರು. ಬೆರಳಿನ ಒಂದು ಗೆಣ್ಣಿನಷ್ಟು ಎತ್ತರ. ಅಷ್ಟು ಸಣ್ಣ ಮುಖಕ್ಕೂ ಕಣ್ಣು ಬಿಡಿಸಿದ್ದರು. ‘ಒಬ್ಬೊಬ್ಬನಿಗೂ ಬಿಡಿಸುತ್ತೇನೆ. ಇಲ್ಲದಿದ್ದರೆ ಬರೀ ಲೆಕ್ಕವಾಗಿಬಿಡುತ್ತಾರೆ’ ಅಂದರು. ಆಮೇಲೆ ಡ್ರಾಯರ್ ಮುಚ್ಚಿ, ‘ಇದನ್ನು ಬರೀಬೇಡಿ, ಜನ ನಗ್ತಾರೆ’ ಅಂದರು. ಅವರ ಹೆಸರನ್ನು ನಾನು ಇವತ್ತಿನವರೆಗೂ ಬರೆದಿಲ್ಲ, ಬರೆಯುವುದೂ ಇಲ್ಲ. ಸಾವಿರಾರು ಜನರೆದುರು ನಿಂತು ಅತ್ತು ನಗಿಸಿದ ಮನುಷ್ಯ ಅವರು. ಒಂದು ಡ್ರಾಯರ್ ತೆರೆಯಲು ಹೆದರಿದರಲ್ಲ, ಅದು ಯಾರ ತಪ್ಪು?

ನನ್ನನ್ನು ಕೇಳಿದರೆ, ಪತ್ರಿಕೆಯವರಾದ ನಮ್ಮ ತಪ್ಪೂ ಜಾಸ್ತಿಯೇ ಇದೆ. ತಾರೆಯರನ್ನು ನಾವು ಏನು ಕೇಳುತ್ತೇವೆ? ಏನು ತಿಂತೀರಿ, ಯಾವ ಕಾರು, ಮದುವೆ ಯಾವಾಗ. ಸಂಜೆ ಒಬ್ಬರೇ ಕೂತು ಏನು ಮಾಡ್ತೀರಿ ಅಂತ ಕೇಳಿದವರುಂಟೆ? ಇನ್ನು ನಗುವವರನ್ನೇ ನೋಡಿ. ಚದುರಂಗ ಆಡುವವನನ್ನು ಬುದ್ಧಿವಂತ ಅನ್ನುತ್ತಾರೆ. ಆನೆ, ಕುದುರೆ, ಕಾಲಾಳು ಎಲ್ಲ ಇರುವ ಅದೂ ಯುದ್ಧದಾಟವೇ ಅಲ್ವಾ? ಅದೇ ಕಾಲಾಳಿಗೆ ಅಂಗಿ ತೊಡಿಸಿ ಮುಖ ಬಿಡಿಸಿದರೆ ಹುಡುಗಾಟ ಆಗಿಬಿಡುತ್ತದೆ. ಮೈದಾನದಲ್ಲಿ ಚೆಂಡಿನ ಹಿಂದೆ ಓಡಿದರೆ ಕ್ರೀಡೆ, ಮನೆಯಲ್ಲಿ ದಾಳ ಉರುಳಿಸಿದರೆ ಕೆಲಸವಿಲ್ಲದವನು.

ಪಾಠದ ಪುಸ್ತಕಗಳೂ ಇಷ್ಟೇ. ಯಾರು ಗೆದ್ದರು, ಯಾವ ಇಸವಿ, ಮುಗಿಯಿತು. ವಾಟರ್‌ಲೂದ ಹಿಂದಿನ ರಾತ್ರಿಯಿಡೀ ಮಳೆ ಹೊಯ್ದಿತ್ತು. ಕೆಸರು ಸ್ವಲ್ಪ ಆರಲಿ ಅಂತ ನೆಪೋಲಿಯನ್ ಮಧ್ಯಾಹ್ನದ ಹತ್ತಿರದವರೆಗೂ ಕಾದ. ಆ ಹೊತ್ತಿನಲ್ಲಿ ಬ್ರಿಟಿಷರ ನೆರವಿಗೆ ಪ್ರಷ್ಯದ ಸೇನೆ ನಡೆದು ಬರುತ್ತಿತ್ತು. ಮೇಜಿನ ಮೇಲೆ ಆ ಕೆಸರಿನಲ್ಲಿ ಒಂದು ಫಿರಂಗಿ ಎಳೆದು ನೋಡಿದವನಿಗೆ ಇದು ಜನ್ಮಕ್ಕೂ ಮರೆಯುವುದಿಲ್ಲ. ಇಸವಿ ಬಾಯಿಪಾಠ ಮಾಡಿದವನಿಗೆ ಪರೀಕ್ಷೆ ಮುಗಿದ ಮರುದಿನ ನೆನಪಿರುವುದಿಲ್ಲ.

ಇನ್ನು ನಿಮ್ಮ ವಿಷಯ. ದೊಡ್ಡವರ ಮುಸುಕು ತೆಗೆಯಿರಿ ಅಂದಿರಿ. ಕೊನೆಗೆ ನಿಮ್ಮ ಹೆಸರು ಹಾಕಬೇಡಿ ಅಂದಿರಿ. ನಿಮ್ಮ ಮಾತಿನಂತೆ ಹೆಸರು ಹಾಕಿಲ್ಲ. ಆದರೆ ಮುಂದಿನ ಸಂಚಿಕೆಯಲ್ಲಿ ಅರ್ಧ ಪುಟ ನಿಮಗಾಗಿ ಖಾಲಿ ಇಟ್ಟಿರುತ್ತೇನೆ. ನಿಮ್ಮ ಸೈನಿಕರ ಒಂದು ಒಳ್ಳೆಯ ಫೋಟೊ ಕಳಿಸಿ. ಕಿಟಕಿ ಬೆಳಕಿನಲ್ಲಿ ತೆಗೆಯಿರಿ, ಫ್ಲ್ಯಾಶ್ ಹಾಕಿದರೆ ಬಣ್ಣ ಕೆಡುತ್ತದೆ. ಕೆಳಗೆ ಅಚ್ಚು ಹಾಕಲು ನಿಮ್ಮ ಪೂರ್ತಿ ಹೆಸರನ್ನೂ ಬರೆದು ಕಳಿಸಿ.