ಅದು ಎಟಿಆರ್ ಅಲ್ಲ, ಆವ್ರೊ

ಮಾರತಹಳ್ಳಿ ಮೇಲೆ ಹೋದ ಎರಡು ಪ್ರೊಪೆಲರ್‌ನ ದೊಡ್ಡ ವಿಮಾನ ಎಟಿಆರ್ (ಸಣ್ಣ ಊರುಗಳಿಗೆ ಹಾರುವ ಪ್ರಯಾಣಿಕರ ವಿಮಾನ) ಇರಬಹುದಾ ಅಂತ ಕೇಳಿದ್ದೀರಿ. ರೆಕ್ಕೆ ಕೆಳಗಡೆ ಇತ್ತು ಅಂದಿದ್ದೀರಲ್ಲ, ಹಾಗಾದ್ರೆ ಎಟಿಆರ್ ಆಗಲಾರದು. ಅದರ ರೆಕ್ಕೆ ಬೆನ್ನ ಮೇಲಿರುತ್ತದೆ. ನೀವು ನೋಡಿದ್ದು ವಾಯುಪಡೆಯ ಆವ್ರೊ, ಅಂದ್ರೆ ಎಚ್‌ಎಸ್ 748 ಇರಬೇಕು.

ಮುಂದಿನ ಸಲ ಎಂಜಿನ್ ಗಮನಿಸಿ. ರೆಕ್ಕೆಗೆ ನೇತುಬಿದ್ದಿರುವುದಿಲ್ಲ, ಅದರ ಮೇಲೇ ಕೂತಿರುತ್ತದೆ. ಚಕ್ರ ಮುಂದಕ್ಕೆ ಮಡಚಿಕೊಳ್ಳುವುದರಿಂದ ಎಂಜಿನ್ ಕೆಳಗೆ ಒಂದು ಉಬ್ಬು ಕಾಣುತ್ತದೆ. ಇನ್ನು ರೋಲ್ಸ್ ರಾಯ್ಸ್ ಡಾರ್ಟ್ ಎಂಜಿನ್ನಿನ ಕಿವಿಗೆ ಚುಚ್ಚುವ ಸದ್ದು! ಒಮ್ಮೆ ಕೇಳಿದರೆ ತಲೆ ಎತ್ತದೆಯೇ ಗುರುತು ಹಿಡಿಯಬಹುದು.

ಡಿಸಿ-3 ಎಂಬ ಹಳೆಯ ಪ್ರೊಪೆಲರ್ ವಿಮಾನದ ಜಾಗ ತುಂಬಲೆಂದು ಬ್ರಿಟನ್ನಿನಲ್ಲಿ ಮಾಡಿದ ಪ್ರಯಾಣಿಕರ ವಿಮಾನ ಇದು. ಅಲ್ಲಿ 1960ರಲ್ಲಿ ಮೊದಲು ಹಾರಿತು. ಮರುವರ್ಷ ನವೆಂಬರ್‌ನಲ್ಲೇ ಕಾನ್ಪುರದಲ್ಲಿ ಜೋಡಿಸಿದ್ದೂ ಹಾರಿತು. ಅದಕ್ಕೆ ವಾಯುಪಡೆಯ ಮೊದಲ ಭಾರತೀಯ ಮುಖ್ಯಸ್ಥ ಸುಬ್ರೋತೊ ಮುಖರ್ಜಿ ನೆನಪಿಗೆ ‘ಸುಬ್ರೋತೊ’ ಅಂತ ಹೆಸರಿಟ್ಟರು. ಮುಂದೆ ಎಚ್‌ಎಎಲ್ ಒಟ್ಟು 89 ಕಟ್ಟಿತು. ಇಂಡಿಯನ್ ಏರ್‌ಲೈನ್ಸ್ ಕೂಡ ಓಡಿಸಿತ್ತು.

ಈಗ ವಾಯುಪಡೆಯಲ್ಲಿ ಇವುಗಳ ಜಾಗಕ್ಕೆ ಸಿ-295 ಎಂಬ ಸಾಗಣೆ ವಿಮಾನ ಬರುತ್ತಿದೆ, ಹಾಗಾಗಿ ಕಂಡಾಗಲೆಲ್ಲ ಚೆನ್ನಾಗಿ ನೋಡಿಕೊಳ್ಳಿ. ಎಚ್‌ಎಎಲ್ ಕಾಂಪೌಂಡ್ ಹತ್ತಿರ ಮಾತ್ರ ಕ್ಯಾಮೆರಾ ತೆಗೆಯಬೇಡಿ. ಅದು ರಕ್ಷಣಾ ಜಾಗ, ಸುಮ್ನೆ ತೊಂದರೆಗೆ ಸಿಕ್ಕಿಕೊಳ್ಳುತ್ತೀರಿ.